ಗೋಮಾಳಕ್ಕಿಳಿದ ವರ

ಮೋಡದ ನಡುವೆ ಪಂಚಾಕ್ಷರಪ್ಪನ ರೇಡಿಯೊ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಯಾವುದೋ ಕಂಪನಿಯ ಪುಟ್ಟ ವಿಮಾನವನ್ನು ಅವನೊಬ್ಬನೇ ಬೆಂಗಳೂರಿನಿಂದ ಬೆಳಗಾವಿಗೆ ಒಯ್ಯುತ್ತಿದ್ದ. ಹೊರಗೆ ನೋಡಿದರೆ ಹತ್ತಿಯ ಗೋದಾಮಿನಲ್ಲಿ ಕೂತ ಹಾಗೆ ಬರೀ ಬಿಳುಪು. ಗುಂಡಿ ತಿರುಗಿಸಿದ, ಫ್ಯೂಸ್ ಬದಲಿಸಿದ. ಉತ್ತರವಿಲ್ಲ.

ಹೆದರಿಕೆಯಾಯಿತು. ಆದರೂ ಕಲಿತದ್ದು ಮರೆಯಲಿಲ್ಲ. ರೇಡಿಯೊ ಮಾತು ನಿಂತರೆ ನೆಲದವರು ಕೊನೆಗೆ ಹೇಳಿದ ದಾರಿ, ಕೊನೆಗೆ ಹೇಳಿದ ಎತ್ತರ ಬಿಡಬಾರದು. ನೆಲ ಕಂಡರೆ ಕ್ಷೇಮವಾದ ಜಾಗದಲ್ಲಿ ಇಳಿದು ಸುದ್ದಿ ಮುಟ್ಟಿಸಬೇಕು. ಎದುರಿನ ಮಾಪಕಗಳ ಮುಳ್ಳುಗಳ ಮೇಲೆ ಕಣ್ಣಿಟ್ಟು, ಯಾರಿಗಾದರೂ ಕೇಳಿಸೀತೆಂದು ತನ್ನ ದಿಕ್ಕು, ಎತ್ತರಗಳನ್ನು ಗೋಡೆಗೆ ಹೇಳುವವನಂತೆ ಹೇಳುತ್ತಾ ಹೋದ.

ಬಹಳ ಹೊತ್ತಿನ ಮೇಲೆ ಮೋಡ ಹರಿದು ಅಂಜನಾಪುರದ ಜಲಾಶಯ ಹೊಳೆಯಿತು. ಅವನು ಹುಟ್ಟಿ ಬೆಳೆದ ಸೀಮೆ. ಮುಂದೆ ಆನವಟ್ಟಿಯ ಹೊರಗೆ ಉದ್ದನೆಯ ಗೋಮಾಳ. ಸುತ್ತು ಹಾಕಿ ದನಗಳನ್ನು ಚದುರಿಸಿ ಇಳಿದ. ಚಕ್ರ ನಿಲ್ಲುವಷ್ಟರಲ್ಲಿ ಊರೇ ನೆರೆದಿತ್ತು. ಎಲ್ಲರಿಗಿಂತ ಮುಂದೆ ಅವನ ಸೋದರತ್ತೆ ಅಕ್ಕನಾಗಮ್ಮ. ಪಕ್ಕದ ಮನೆಯ ವೀರಬಸಪ್ಪನವರ ಮಗಳು ನಿರ್ಮಲಳನ್ನು ನೋಡಲು ಬಾ ಎಂದು ಆಕೆ ವರ್ಷದಿಂದ ಕರೆಯುತ್ತಿದ್ದಳು. ಇವನು ರಜೆಯಿಲ್ಲ ಎಂದು ಜಾರಿಕೊಳ್ಳುತ್ತಿದ್ದ.

"ಅಂತೂ ಬಂದ್ಯಲ್ಲಪ್ಪಾ. ಬಸ್ಸಿಗೆ ಬಂದಿದ್ರೂ ಸಾಕಿತ್ತು," ಎಂದಳು ಅತ್ತೆ.

"ರೇಡಿಯೊ ಕೆಟ್ಟಿದೆ ಅತ್ತೆ. ಮೊದ್ಲು ತಂತಿ ಕೊಡ್ಬೇಕು."

"ನಾಚ್ಕೆಗೆ ಹಂಗಂತಾನೆ," ಎಂದು ಬಟ್ಟೆ ಅಂಗಡಿಯ ಬೆನಕಪ್ಪ ಜನರಿಗೆ ವಿವರಿಸಿದರು.

ತಂತಿ ಕೊಟ್ಟು ಅಂಚೆ ಕಚೇರಿಯಿಂದ ಹೊರಬರುವಷ್ಟರಲ್ಲಿ, ಹೆಣ್ಣು ನೋಡಲು ವರ ವಿಮಾನದಲ್ಲಿ ಬಂದಿದ್ದಾನೆಂಬ ಸುದ್ದಿ ಹಬ್ಬಿತ್ತು. ಬೆನಕಪ್ಪ ತಮ್ಮ ಅಂಗಡಿಯ ಹೊಸ ಅಂಗಿ ತೊಡಿಸಿದರು. ಅತ್ತೆ ತಲೆ ಬಾಚಿ ವೀರಬಸಪ್ಪನವರ ಜಮಖಾನದ ಮೇಲೆ ತಂದು ಕೂರಿಸಿದಳು.

"ಮ್ಯಾಲಿಂದ ನಮ್ಮನಿ ಕಾಣ್ತೇನ್ರೀ?" ಎಂದು ವೀರಬಸಪ್ಪ ಉಪಚಾರಕ್ಕೆ ಕೇಳಿದರು.

"ಇವತ್ತು ಮೋಡದಲ್ಲಿ ಏನೂ ಕಾಣ್ಲಿಲ್ರೀ."

ನಿರ್ಮಲ ಉಪ್ಪಿಟ್ಟು ತಂದಿಟ್ಟು, "ಮೋಡದಾಗೆ ಹೆದ್ರಿಕೆ ಆಗ್ಲಿಲ್ವಾ?" ಎಂದಳು. ಅಲ್ಲಿಯವರೆಗೆ ಯಾರೂ ಅದನ್ನು ಕೇಳಿರಲಿಲ್ಲ.

"ಆಯ್ತು," ಎಂದ ಪಂಚಾಕ್ಷರಪ್ಪ. ಅವಳು ಮೆಲ್ಲಗೆ ನಕ್ಕಳು. ಅವನಿಗೆ ಉಪ್ಪಿಟ್ಟು ಮರೆತುಹೋಯಿತು. ಇಷ್ಟು ದಿನ ತಪ್ಪಿಸಿಕೊಂಡ ತನ್ನನ್ನು ತಾನೇ ಬೈದುಕೊಂಡು, ಅತ್ತೆಯ ಕಡೆ ಬಾಗಿ, "ನಂಗೆ ಒಪ್ಪಿಗೆ ಅಂತ ಹೇಳ್ಬಿಡು," ಎಂದು ಪಿಸುಗುಟ್ಟಿದ.

ಅತ್ತೆ ಹಿಗ್ಗುತ್ತಾ ಒಳಗೆ ಹೋದಳು. ಹೊರಗೆ ಬಂದಾಗ ಮುಖ ಸಪ್ಪಗಿತ್ತು.

"ಹುಡ್ಗಿ ಬ್ಯಾಡ ಅಂದ್ಲಪ್ಪಾ."

"ಯಾಕೆ, ಹೆದ್ರಿಕೆ ಆಯ್ತು ಅಂದಿದ್ದಕ್ಕಾ?"

"ಅದೊಂದು ಮಾತು ಹಿಡಿಸ್ತಂತೆ. ಆದ್ರೆ, ವರ್ಷದಿಂದ ಕರೆದ್ರೂ ಬರ್ದೇ ಇದ್ದೋರು ಬೆಳಗಾವಿಗೆ ಹೊಂಟು ದಾರೀಲಿ ಸಿಕ್ಕಿದ ಗೋಮಾಳಕ್ಕೆ ಇಳಿದಾರೆ, ನಮ್ಮನೀಗೂ ಹಂಗೇ ಇಳಿದಾರೆ, ನನ್ನ ನೋಡಾಕೆ ಅಂತ್ಲೇ ಹೊಂಟು ಬಂದೋರು ಬೇಕು ಅಂತಾಳೆ."

ಪಂಚಾಕ್ಷರಪ್ಪ ತಲೆ ತಗ್ಗಿಸಿ ಜಗಲಿಗೆ ಬಂದ. ಅಲ್ಲಿ ಬೆನಕಪ್ಪ ಆಗಲೇ ಎಲ್ಲರಿಗೂ ಸಕ್ಕರೆ ಹಂಚುತ್ತಿದ್ದರು. ಇವನ ಅಂಗೈ ಬಿಡಿಸಿ ಅದಕ್ಕೂ ಒಂದಿಷ್ಟು ಹಾಕಿದರು.