ಹೋಟೆಲು, ದರ್ಜಿ, ಹಲ್ಲಿನ ಡಾಕ್ಟರು: ಎಲ್ಲ ಒಂದೇ ಸರ್ವರಿನಲ್ಲಿ

ಬೇರೆಯವರ ವೆಬ್‌ಸೈಟ್ ಕಾಯುವ ಕೆಲಸ ಹಿಡಿದ ಮೇಲೆ ನಾನು ಹೆದರದ ದಿನವೇ ಇಲ್ಲ. ಹೆದರಿ ಕೈಕಾಲು ತಣ್ಣಗಾದಾಗಲೇ ಎದುರಿಗೆ ಯಾರಾದರೂ ಏನಾದರೂ ಮಾಡಿ ನಗಿಸುವುದೂ ತಪ್ಪಿಲ್ಲ. ನಗು ಬರುವುದು ಮಾತ್ರ ಆಮೇಲೆ, ಮನೆಗೆ ಬಂದು ಚಹಾ ಕುಡಿಯುವಾಗ.

ನಾನಿರುವುದು ಮಲಾಡಿನಲ್ಲಿ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮುಂಬಯಿಯ ನಮ್ಮ ಕನ್ನಡದ ಜನರ ಹೋಟೆಲು, ದರ್ಜಿ ಅಂಗಡಿ, ಹಲ್ಲಿನ ಆಸ್ಪತ್ರೆ, ಸಂಘಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಮಾಡಿಕೊಟ್ಟರೆ ಮುಗಿಯುವುದಿಲ್ಲ, ಅದನ್ನು ಇಡಲು ಎಲ್ಲೋ ಒಂದು ದೊಡ್ಡ ಕಂಪ್ಯೂಟರಿನಲ್ಲಿ, ಅಂದರೆ ಸರ್ವರಿನಲ್ಲಿ, ಜಾಗ ಬೇಕು. ಒಬ್ಬೊಬ್ಬರಿಗೂ ಬೇರೆ ಬೇರೆ ಜಾಗ ಹುಡುಕುವ ಬದಲು, ಒಂದು ಕಂಪನಿಯಿಂದ ಸಗಟಿನಲ್ಲಿ ತೆಗೆದುಕೊಂಡು ತುಂಡು ಮಾಡಿ ಎಲ್ಲರಿಗೂ ಹಂಚೋಣ ಅಂದುಕೊಂಡೆ. ಇದಕ್ಕೆ ರೀಸೆಲ್ಲರ್ ಹೋಸ್ಟಿಂಗ್ ಅನ್ನುತ್ತಾರೆ. ಇದರಲ್ಲಿ ಒಂದು ಸೈಟ್ ಬಿದ್ದರೆ, ಅಂದರೆ ತೆರೆಯದೆ ಹೋದರೆ, ಒಬ್ಬರು ಬೈಯುತ್ತಾರೆ. ಸರ್ವರೇ ಬಿದ್ದರೆ ಎಲ್ಲರೂ ಒಟ್ಟಿಗೆ ಬೈಯುತ್ತಾರೆ.

ಬೀಳುವ ಮೊದಲೇ ಕೇಳಿದ್ದು

ಕಂಪನಿ ಆರಿಸುವಾಗಲೇ ನನಗೆ ನಿದ್ದೆ ಹಾರಿಹೋಗಿತ್ತು. ಎಲ್ಲರ ಜಾಹೀರಾತೂ ಒಂದೇ: ನಮ್ಮ ಸರ್ವರ್ ಬೀಳುವುದೇ ಇಲ್ಲ. "ಎಲ್ಲರೂ ಅದೇ ಹೇಳ್ತಾರಲ್ಲ, ಕಣ್ಣು ಮುಚ್ಚಿ ಒಂದು ತಗೋ" ಅಂದರು ನನ್ನ ಗಂಡ. ಅವರಿಗೇನು, ಫೋನ್ ಬರುವುದು ನನಗೆ.

ಬಿದ್ದ ದಿನ ಫೋನ್ ಎತ್ತಲು ಅಲ್ಲಿ ಮನುಷ್ಯರು ಇದ್ದಾರೋ ಇಲ್ಲವೋ ನೋಡೋಣ ಎಂದು ಒಂದೊಂದೇ ಕಂಪನಿಗೆ ಫೋನ್ ಮಾಡಿದೆ. ಮೊದಲನೆಯವರಲ್ಲಿ ಬರೀ ಸಂಗೀತ. ಎರಡನೆಯವರಲ್ಲಿ ಒಂದು ಯಂತ್ರ ಆ ಗುಂಡಿ ಒತ್ತು, ಈ ಗುಂಡಿ ಒತ್ತು ಎಂದು ಸುತ್ತಿಸಿ ಹೊರಟಲ್ಲಿಗೇ ತಂದು ಬಿಟ್ಟಿತು. ಮೂರನೆಯವರಲ್ಲಿ ಏನನ್ನೋ ಅಗಿಯುತ್ತಿದ್ದ ಜೀವಂತ ಗಂಡಸಿನ ದನಿ ಕೇಳಿತು.

"ಸೈಟ್ ಬಿದ್ದಿದೆಯಾ ಮೇಡಂ?" ಎಂದು ಹಿಂದಿಯಲ್ಲಿ ಕೇಳಿದ.

"ಇಲ್ಲ, ನಾನಿನ್ನೂ ನಿಮ್ಮ ಗ್ರಾಹಕಿಯೇ ಅಲ್ಲ. ಬಿದ್ದರೆ ಏನು ಮಾಡ್ತೀರಿ?"

"ಎತ್ತುತ್ತೇವೆ."

"ಎತ್ತಲಿಕ್ಕೆ ಆಗದಿದ್ದರೆ?"

"ಬ್ಯಾಕಪ್ ಇದೆಯಲ್ಲ. ದಿನಾ ಎಲ್ಲದರ ನಕಲು ತೆಗೆದಿಡ್ತೇವೆ."

"ಎಲ್ಲಿಡ್ತೀರಿ?"

"ಅದೇ ಸರ್ವರ್‌ನಲ್ಲಿ. ಭದ್ರವಾಗಿ."

"ಆ ಸರ್ವರೇ ಸುಟ್ಟುಹೋದರೆ?"

ಅಗಿಯುವುದು ನಿಂತಿತು. ದನಿ ಇಳಿಸಿ ಕೇಳಿದ: "ಮೇಡಂ, ಯಾಕೆ ಇಷ್ಟೆಲ್ಲ ಕೆಟ್ಟದ್ದು ಯೋಚನೆ ಮಾಡ್ತೀರಿ? ಮನೆಯಲ್ಲಿ ಎಲ್ಲ ಸರಿಯಾಗಿದೆ ತಾನೇ?"

ಅಷ್ಟು ಕಾಳಜಿಯಿಂದ ಕೇಳಿದವರು ಬೇರೆ ಯಾವ ಕಂಪನಿಯಲ್ಲೂ ಇರಲಿಲ್ಲ. ಅವರದ್ದೇ ತೆಗೆದುಕೊಂಡೆ.

ಲೇಡೀಸ್ ಡಬ್ಬಿಯಲ್ಲಿ

ಹೆದರಿಕೆಗೆ ಮದ್ದು ಅಂತ ಫೋನಿಗೆ ಒಂದು ಆ್ಯಪ್ ಹಾಕಿಕೊಂಡೆ. ಯಾವ ಸೈಟ್ ಬಿದ್ದರೂ ಅದು ಆಂಬುಲೆನ್ಸಿನ ಹಾಗೆ ಕೂಗಿಕೊಳ್ಳುತ್ತದೆ.

ಒಂದು ಬೆಳಿಗ್ಗೆ ದಕ್ಷಿಣ ಮುಂಬಯಿಯ ಫೋರ್ಟಿಗೆ ಹೋಗಬೇಕಿತ್ತು. ಮಲಾಡಿನಲ್ಲಿ ಚರ್ಚ್‌ಗೇಟ್ ಲೋಕಲ್ ಟ್ರೇನು ಹತ್ತಿದೆ. ಲೇಡೀಸ್ ಡಬ್ಬಿಯಲ್ಲಿ ಕೂರುವುದಿರಲಿ, ಕಾಲೂರಲೂ ಜಾಗವಿರಲಿಲ್ಲ. ಅಂಧೇರಿ ದಾಟುತ್ತಿದ್ದ ಹಾಗೆ ಚೀಲದೊಳಗಿಂದ ಆಂಬುಲೆನ್ಸ್ ಕೂಗಿತು. ತೆಗೆದು ನೋಡಿದರೆ ನನ್ನ ಸೈಟುಗಳ ಎದುರಿಗೆಲ್ಲ ಸಾಲಾಗಿ ಕೆಂಪು. ಒಂದೂ ಉಳಿದಿಲ್ಲ. ಕಂಪನಿಗೆ ಫೋನ್ ಹಚ್ಚಿದೆ. ಗದ್ದಲದಲ್ಲಿ ಆ ಅಗಿಯುವವನಿಗೆ ಕೇಳಿಸಲೆಂದು ಹಿಂದಿಯಲ್ಲಿ ಕಿರುಚಿದೆ: "ಹೋಟೆಲ್‌ವಾಲೇ ಗಯೇ! ಟೈಲರ್ ಚಾಚಾ ಗಯೇ! ಡಾಕ್ಟರ್ ಭೀ ಗಯೇ! ಸಬ್ ಏಕ್ ಸಾಥ್ ಗಯೇ!" ಎಲ್ಲರೂ ಒಟ್ಟಿಗೇ ಹೋದರು ಅಂತ.

ಡಬ್ಬಿಯೆಲ್ಲ ನನ್ನ ಕಡೆ ತಿರುಗಿತು. ಕಿಟಕಿಯ ಹತ್ತಿರ ಕೂತು ಮೆಂತೆ ಸೊಪ್ಪು ಬಿಡಿಸುತ್ತಿದ್ದ ಮರಾಠಿ ಹೆಂಗಸೊಬ್ಬಳು ತಟ್ಟನೆ ಎದ್ದು, ನನ್ನ ರಟ್ಟೆ ಹಿಡಿದು ತನ್ನ ಜಾಗದಲ್ಲಿ ಕೂರಿಸಿದಳು. ಯಾರೋ ನೀರಿನ ಬಾಟಲಿ ಕೊಟ್ಟರು. ಇನ್ಯಾರೋ ದುಪಟ್ಟಾದಿಂದ ಗಾಳಿ ಬೀಸಿದರು. "ಆಕ್ಸಿಡೆಂಟ್ ಆಯ್ತಾ?" ಎಂದು ಒಬ್ಬಳು ಬೆನ್ನು ಸವರುತ್ತ ಕೇಳಿದಳು. ನನಗೆ ಉತ್ತರಿಸುವ ಸ್ಥಿತಿ ಎಲ್ಲಿತ್ತು? ಕಣ್ಣೆಲ್ಲ ಫೋನಿನ ಮೇಲೆ. ನನ್ನ ಮೌನ ನೋಡಿ ಅವಳ ಕಣ್ಣಲ್ಲೂ ನೀರು ಬಂತು.

ದಾದರ್ ಬರುವಷ್ಟರಲ್ಲಿ ಕೆಂಪೆಲ್ಲ ಒಂದೊಂದಾಗಿ ಹಸಿರಾಯಿತು. ಸಂತೋಷ ತಡೆಯಲಾಗದೆ, ಎಲ್ಲರೂ ತಿರುಗಿ ಬಂದರು ಎಂದು ಕೂಗಿಬಿಟ್ಟೆ: "ಸಬ್ ವಾಪಸ್ ಆ ಗಯೇ! ಟೈಲರ್ ಚಾಚಾ ಭೀ!"

ಗಾಳಿ ಬೀಸುತ್ತಿದ್ದ ದುಪಟ್ಟಾ ನಿಂತಿತು. ಬೆನ್ನ ಮೇಲಿದ್ದ ಕೈ ಹಿಂದೆ ಹೋಯಿತು. ಮೆಂತೆ ಸೊಪ್ಪಿನವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಮರಾಠಿಯಲ್ಲಿ ಒಂದೇ ಮಾತು ಹೇಳಿದಳು: "ಹಾಗಾದ್ರೆ ನೀನೂ ಏಳು."

ಅರ್ಧ ಇಳಿದ ಶಟರು

ನನ್ನ ಗ್ರಾಹಕರಲ್ಲಿ ಫೋರ್ಟಿನ ಉಡುಪಿ ಹೋಟೆಲಿನ ಧಣಿಗಳು ಹಿರಿಯರು. ನಾನು ಅವರನ್ನು ಮಾಮ ಅನ್ನುತ್ತೇನೆ, ಅವರು ನನ್ನನ್ನು ಮಗಾ ಅನ್ನುತ್ತಾರೆ. ಒಂದು ಮಧ್ಯಾಹ್ನ ಅವರ ಫೋನ್ ಬಂತು. ಸದಾ ಅಡಿಗೆಮನೆಯವರೆಗೆ ಕೇಳುವಂತೆ ಮಾತಾಡುವವರು ಅವತ್ತು ಪಿಸುಗುಟ್ಟುತ್ತಿದ್ದರು.

"ಮಗಾ, ನಮ್ಮ ಹೋಟೆಲಿಗೆ ಅಟ್ಯಾಕ್ ಆಗ್ತದಂತೆ. ಕಂಪ್ಯೂಟರಿನಲ್ಲಿ ಬರ್ತಾ ಉಂಟು. ನೀನು ಎಲ್ಲಿದ್ದಿ?"

ಪುಣ್ಯಕ್ಕೆ ಹತ್ತಿರದ ಗಲ್ಲಿಯಲ್ಲೇ ಇದ್ದೆ. ಓಡಿದೆ. ನೋಡಿದರೆ ಊಟದ ಹೊತ್ತಿಗೆ ಸರಿಯಾಗಿ ಹೋಟೆಲಿನ ಶಟರು ಅರ್ಧ ಇಳಿದಿದೆ! ಬ್ಯಾಂಕಿನ ಗುಮಾಸ್ತರು, ಕಪ್ಪು ಕೋಟಿನ ವಕೀಲರು ಎಲ್ಲ ಹೊರಗೆ ನಿಂತು ಬಗ್ಗಿ ಬಗ್ಗಿ ಒಳಗೆ ಇಣುಕುತ್ತಿದ್ದಾರೆ. ಬಗ್ಗಿ ಒಳಗೆ ನುಸುಳಿದರೆ, ಗಲ್ಲಾದ ಪಕ್ಕದಲ್ಲಿ ಅಡಿಗೆಭಟ್ಟರು ಸಾಂಬಾರಿನ ದೊಡ್ಡ ಸೌಟು ಎತ್ತಿ ಹಿಡಿದು ಕಾವಲು ನಿಂತಿದ್ದಾರೆ. ಸೌಟಿನಿಂದ ಸಾಂಬಾರು ಅವರ ಮೊಣಕೈಗೆ ಇಳಿಯುತ್ತಿದೆ. ಹೆದರಿಕೆಯಲ್ಲಿ ಅವರಿಗೆ ಅದು ಗೊತ್ತೇ ಇಲ್ಲ.

ಧಣಿಗಳು ಕಂಪ್ಯೂಟರ್ ತೋರಿಸಿದರು. ಸೈಟ್ ಸುರಕ್ಷಿತವಾಗಿದೆ ಅನ್ನಲು ಒಂದು ಸರ್ಟಿಫಿಕೇಟ್ ಇರುತ್ತದೆ, ಅವಧಿ ಮುಗಿಯುವ ಮೊದಲು ತಾನಾಗಿಯೇ ಹೊಸದಾಗಬೇಕು. ಆ ಸಲ ಆಗಿರಲಿಲ್ಲ. ಹಾಗಾಗಿ ಹೋಟೆಲಿನ ಸೈಟ್ ತೆರೆದವರಿಗೆಲ್ಲ, ದಾಳಿಕೋರರು ನಿಮ್ಮ ಮಾಹಿತಿ ಕದಿಯಲು ನೋಡುತ್ತಿರಬಹುದು ಎಂಬ ಕೆಂಪು ಎಚ್ಚರಿಕೆ ಇಂಗ್ಲಿಷಿನಲ್ಲಿ ಬರುತ್ತಿತ್ತು. ಊಟಕ್ಕೆ ಬಂದ ವಕೀಲರೊಬ್ಬರು ಅದನ್ನು ಧಣಿಗಳಿಗೆ ಓದಿ ಅರ್ಥ ಹೇಳಿದ್ದರು.

"ನಮ್ಮ ಹೆಸರು ಹಾಕಿಯೇ ಬರೆದಿದ್ದಾರೆ ಮಾರಾಯ್ತಿ" ಅಂದರು ಧಣಿಗಳು. "ಯಾವ ಬಾಗಿಲಿನಿಂದ ಬರ್ತಾರೆ ಅಂತ ಮಾತ್ರ ಹೇಳ್ಲಿಲ್ಲ."

ಅಲ್ಲೇ ಮೇಜಿನ ಮುಂದೆ ಕೂತು ಸರ್ಟಿಫಿಕೇಟ್ ಸರಿಮಾಡಿದೆ. ಕೆಂಪು ಪುಟ ಹೋಗಿ ಮಸಾಲೆ ದೋಸೆಯ ಚಿತ್ರ ಬಂತು. ಶಟರು ಎತ್ತಿದ ಕೂಡಲೇ ಜನ ಪ್ರವಾಹದಂತೆ ನುಗ್ಗಿದರು. ಒಳಗೆ ಸಿನಿಮಾ ಶೂಟಿಂಗ್ ನಡೆಯುತ್ತಿದೆ ಎಂದು ಹೊರಗೆ ಯಾರೋ ಹಬ್ಬಿಸಿದ್ದರಂತೆ. ದಿನಾ ಬಾರದವರೂ ಬಂದು ಕೂತು, ಹೀರೋಯಿನ್ ಎಲ್ಲಿ ಎಂದು ಹುಡುಕುತ್ತ ಎರಡೆರಡು ಪ್ಲೇಟು ತಿಂದರು.

ಎರಡು ದಿನ ಬಿಟ್ಟು ಧಣಿಗಳ ಫೋನ್ ಮತ್ತೆ ಬಂತು. "ಎಂತ ಆಯ್ತು ಮಾಮಾ?"

"ಎಂತದೂ ಆಗ್ಲಿಲ್ಲ ಮಗಾ. ಇವತ್ತು ವ್ಯಾಪಾರ ಸ್ವಲ್ಪ ಡಲ್ ಉಂಟು. ಆ ಕೆಂಪು ಬೋರ್ಡು ಒಂದು ಗಂಟೆ ಮಟ್ಟಿಗೆ ಹಾಕ್ಲಿಕ್ಕೆ ಆಗ್ತದಾ?"

ಇಡೀ ದುನಿಯಾಕ್ಕೆ ಮುಬಾರಕ್

ಟೈಲರ್ ಚಾಚಾ ವಿಜಯಪುರದ ಕಡೆಯವರು. ಮಲಾಡಿನ ಬಜಾರಿನಲ್ಲಿ ಮದುವೆ ಗಂಡುಗಳ ಶೇರ್ವಾನಿ ಹೊಲಿಯುತ್ತಾರೆ. ಅವರ ಸೈಟಿನ ಜೊತೆಗೆ ಒಂದು ಇಮೇಲ್ ವಿಳಾಸವನ್ನೂ ಮಾಡಿಕೊಟ್ಟಿದ್ದೆ. ಕೊಟ್ಟಾಗ ಅದನ್ನು ಅವರು ಉಪಯೋಗಿಸುತ್ತಾರೆ ಎಂದುಕೊಂಡಿರಲಿಲ್ಲ.

ಈದ್ ದಿನ ಬೆಳಿಗ್ಗೆ ಎಲ್ಲ ಸೈಟುಗಳೂ ಒಮ್ಮೆಗೇ ಮಾಯವಾದವು. ಬಿದ್ದದ್ದಲ್ಲ, ಕಂಪನಿಯವರೇ ಬಾಗಿಲು ಹಾಕಿದ್ದರು. ನಿಮ್ಮ ಖಾತೆಯಿಂದ ರಾಶಿ ರಾಶಿ ಅನುಮಾನಾಸ್ಪದ ಸಂದೇಶಗಳು ಹೊರಟಿವೆ, ತೃಪ್ತಿಕರ ಉತ್ತರ ಬಾರದಿದ್ದರೆ ಖಾತೆಯನ್ನು ಕಾಯಂ ಆಗಿ ಮುಚ್ಚುತ್ತೇವೆ ಎಂದು ಬರೆದಿದ್ದರು. ಇಷ್ಟು ಜನ ನಂಬಿ ಕೊಟ್ಟದ್ದೆಲ್ಲ ಹೋದರೆ ಯಾರಿಗೆ ಮುಖ ತೋರಿಸಲಿ? ಸಂದೇಶ ಹೊರಟದ್ದು ಚಾಚಾನ ವಿಳಾಸದಿಂದ. ಅವರ ಮನೆ ಅಂಗಡಿಯ ಮೇಲೆಯೇ. ಚಪ್ಪಲಿ ಅದಲುಬದಲು ಹಾಕಿಕೊಂಡು ಓಡಿದೆ.

ಚಾಚಾ ಹೊಸ ಬಟ್ಟೆ ತೊಟ್ಟು, ಅತ್ತರು ಹಚ್ಚಿಕೊಂಡು ಕೂತಿದ್ದರು. "ಬಾ ಬೇಟಿ, ಖೀರ್ ಕುಡಿ" ಅಂದರು.

"ಚಾಚಾ, ಬೆಳಿಗ್ಗೆ ಮೇಲ್ ಕಳಿಸಿದ್ರಾ?"

"ಕಳಿಸೀನಿ! ಈದ್ ಮುಬಾರಕ್ ಅಂತ."

"ಯಾರಿಗೆ?"

"ಯಾರಿಗೆ ಅಂದ್ರ? ಎಲ್ಲಾರಿಗೂ! ನನ್ನ ಕಡೆ ಹೊಲಿಸಿಕೊಂಡೋರು, ಅವ್ರ ಬೀಗರು, ಅಂಗಡಿಗೆ ಬಂದು ರೇಟ್ ಕೇಳಿ ಹಂಗ ಹೋದೋರು. ಯಾರನ್ನೂ ಬಿಟ್ಟಿಲ್ಲ."

ನಾನು ಆದದ್ದನ್ನೆಲ್ಲ ಹೇಳಿದೆ. ಚಾಚಾನ ಮುಖ ಇಳಿಯಿತು. "ಮುಬಾರಕ್ ಹೇಳೂದು ಗುನ್ಹಾ ಏನ್ ಬೇಟಿ? ನಿನ್ನ ಪೊಲೀಸ್ರು ಹಿಡೀತಾರೇನ?" ಎಂದು ಅವರೂ ಹೆದರಿದರು. ಇಬ್ಬರೂ ಕೂತು ಕಂಪನಿಗೆ ಉತ್ತರ ಬರೆದೆವು: ಇವು ಮೋಸದ ಸಂದೇಶಗಳಲ್ಲ, ಹಬ್ಬದ ಶುಭಾಶಯ, ಇಂಥದ್ದು ಮತ್ತೆಂದೂ ಆಗುವುದಿಲ್ಲ. ಖೀರ್ ಮುಗಿಯುವ ಹೊತ್ತಿಗೆ ಕಂಪನಿ ಬಾಗಿಲು ತೆರೆಯಿತು. ನಾನು ಹೋದ ಜೀವ ಬಂದಂತಾಗಿ ಗೋಡೆಗೆ ಒರಗಿದೆ.

ಚಾಚಾ ಮಾತ್ರ ಗಡ್ಡ ಕೆರೆಯುತ್ತ ಯೋಚನೆಯಲ್ಲಿ ಬಿದ್ದಿದ್ದರು. ಆಮೇಲೆ ಮೆಲ್ಲಗೆ ಅಂದರು: "ಮತ್ತೆಂದೂ ಅಂತ ಯಾಕ ಬರದಿ ಬೇಟಿ? ಮುಂದ ಬಕ್ರೀದ್ ಐತಲ್ಲ!"

ಮೊದಲು ಮತ್ತು ನಂತರ

ಬಕ್ರೀದ್ ಬರುವುದರೊಳಗೆ ಕಂಪನಿ ಬದಲಾಯಿಸುವುದೇ ಸರಿ ಅನ್ನಿಸಿತು. ಹೊಸ ಕಂಪನಿಯವರು, ನಿಮ್ಮ ಸೈಟುಗಳನ್ನೆಲ್ಲ ನಾವೇ ಸಾಗಿಸಿಕೊಡುತ್ತೇವೆ, ನೀವು ಏನೂ ಮುಟ್ಟಬೇಡಿ ಎಂದರು. ನಾನು ಮುಟ್ಟಲಿಲ್ಲ.

ಸಾಗಿಸಿದ ವಾರದ ಭಾನುವಾರವೇ ವಡಾಲದ ನಮ್ಮ ಕನ್ನಡ ಸಂಘದ ವಾರ್ಷಿಕ ಸಭೆ. ಚುನಾವಣೆ ಹಿಂದಿನ ತಿಂಗಳಷ್ಟೇ ಮುಗಿದು, ಹಳೆಯ ಅಧ್ಯಕ್ಷರು ಸೋತು ಹೊಸಬರು ಗೆದ್ದಿದ್ದರು. ಹಳಬರು ಸಣಕಲು ಮೈಯ, ತಲೆತುಂಬ ಕೂದಲಿನ, ಸದಾ ನಗುವ ಮನುಷ್ಯ. ಹೊಸಬರದ್ದು ಬೋಳು ತಲೆ, ಬಿಗಿದ ತುಟಿ. ಇಬ್ಬರ ನಡುವೆ ಮಾತಿಲ್ಲ. ಸಭಾಭವನದಲ್ಲಿ ಅವರವರ ಕಡೆಯವರು ನಡುವೆ ದಾರಿ ಬಿಟ್ಟು ಬೇರೆ ಬೇರೆ ಕೂತಿದ್ದರು. ಕಾರ್ಯದರ್ಶಿ ನನ್ನನ್ನು ಪಕ್ಕಕ್ಕೆ ಕರೆದು, "ನೋಡಮ್ಮ, ಇವತ್ತು ಸ್ವಲ್ಪ ಹೆಚ್ಚುಕಡಿಮೆ ಆದರೂ ಸಂಘ ಎರಡು ಹೋಳಾಗ್ತದೆ" ಅಂದರು. ನನ್ನ ಕೆಲಸ ಹೊಸ ಸೈಟನ್ನು ದೊಡ್ಡ ಪರದೆಯ ಮೇಲೆ ತೋರಿಸುವುದು. ಹಾರ್ಬರ್ ಲೈನಿನ ರೈಲಿನಲ್ಲಿ ಬರುವಾಗಲೇ ಮೊದಲ ಪುಟ ತೆಗೆದು ನೋಡಿದ್ದೆ. ಸರಿಯಾಗಿತ್ತು.

ಅಧ್ಯಕ್ಷರ ಪುಟ ನೋಡಿರಲಿಲ್ಲ.

ಕಾರ್ಯದರ್ಶಿ ಗುಂಡಿ ಒತ್ತಿದರು. ಗೋಡೆಯಷ್ಟಗಲದ ಪರದೆಯಲ್ಲಿ 'ನಿಕಟಪೂರ್ವ ಅಧ್ಯಕ್ಷರು' ಎಂಬ ಅಕ್ಷರಗಳ ಕೆಳಗೆ ಹುಳುಕು ಹಿಡಿದು ಕಪ್ಪಾದ ಹಲ್ಲುಗಳ ಸಾಲು ಮೂಡಿತು. 'ನೂತನ ಅಧ್ಯಕ್ಷರು' ಎಂಬುದರ ಕೆಳಗೆ ಫಳಫಳ ಹೊಳೆಯುವ ಬಿಳಿ ಹಲ್ಲುಗಳು. ಸಾಗಿಸುವಾಗ ಕಂಪನಿಯವರು ಸಂಘದ ಫೋಟೋಗಳನ್ನೂ ನನ್ನ ಗ್ರಾಹಕರೇ ಆದ ಹಲ್ಲಿನ ಡಾಕ್ಟರ ಸೈಟಿನ ಫೋಟೋಗಳನ್ನೂ ಅದಲುಬದಲು ಮಾಡಿದ್ದರು.

ಹಳಬರ ಕಡೆಯ ಕುರ್ಚಿಗಳು ಒಂದೊಂದಾಗಿ ಕಿರ್ರೆಂದು ಹಿಂದೆ ಸರಿದವು. "ಏನಿದು ಅವಮಾನ!" ಎಂದು ಒಬ್ಬರು ತೋಳೇರಿಸಿದರು. ಬಾಗಿಲು ಎಷ್ಟು ದೂರ ಎಂದು ನೋಡಿದೆ. ಅಷ್ಟರಲ್ಲಿ ಹಳೆಯ ಅಧ್ಯಕ್ಷರೇ ಎದ್ದು ಬಂದು ಮೈಕು ಹಿಡಿದರು. ಪರದೆಯ ಮೇಲಿನ ಕಪ್ಪು ಹಲ್ಲುಗಳನ್ನು ಬಹಳ ಹೊತ್ತು ನೋಡಿದರು.

"ಇದು ನನ್ನ ಫೋಟೋ ಅಲ್ಲ" ಅಂದರು. "ನನಗೆ ಇಷ್ಟು ಹಲ್ಲೇ ಇಲ್ಲ."

ಹೇಳಿದವರೇ ತಮ್ಮ ಕಟ್ಟಿಸಿದ ಹಲ್ಲಿನ ಸೆಟ್ಟನ್ನು ತೆಗೆದು ಕರವಸ್ತ್ರದಲ್ಲಿಟ್ಟು ಸಭೆಗೆ ತೋರಿಸಿದರು. ಹೊಸ ಅಧ್ಯಕ್ಷರ ಬಿಗಿದ ತುಟಿ ಮೊದಲು ಅದುರಿತು, ಆಮೇಲೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕು ಹಳಬರ ಹೆಗಲ ಮೇಲೆ ಕೈ ಹಾಕಿದರು. ನಡುವಿನ ದಾರಿ ದಾಟಿ ಎರಡೂ ಕಡೆಯವರು ಒಟ್ಟಿಗೇ ಊಟಕ್ಕೆ ಎದ್ದರು. ನಾನು ಕುರ್ಚಿಯ ಮೇಲೆ ಕುಸಿದು ಕೂತೆ.

ಕೂತ ಮೇಲೆ ತಲೆಗೆ ಹೊಳೆಯಿತು: ಹಲ್ಲುಗಳು ಇಲ್ಲಿಗೆ ಬಂದಿದ್ದರೆ, ಅಧ್ಯಕ್ಷರಿಬ್ಬರು ಎಲ್ಲಿಗೆ ಹೋದರು?

ಡಾಕ್ಟರ ಸೈಟ್ ತೆರೆದೆ. 'ಚಿಕಿತ್ಸೆಗೆ ಮೊದಲು' ಎಂಬಲ್ಲಿ ಹಳೆಯ ಅಧ್ಯಕ್ಷರು ಬಾಯ್ತುಂಬ ನಗುತ್ತಿದ್ದರು. 'ಚಿಕಿತ್ಸೆಯ ನಂತರ' ಎಂಬಲ್ಲಿ ಹೊಸ ಅಧ್ಯಕ್ಷರು ತುಟಿ ಬಿಗಿದು ನಿಂತಿದ್ದರು. ಅದೇ ಕ್ಷಣಕ್ಕೆ ಡಾಕ್ಟರ ಫೋನ್. ಮುಂಬಯಿಯಲ್ಲೇ ಹುಟ್ಟಿ ಬೆಳೆದವರು, ಕನ್ನಡ ತಡವರಿಸುತ್ತದೆ.

"ಮೇಡಂ, ನಮ್ಮ ಸೈಟ್‌ನಲ್ಲಿ ಇಬ್ಬರು ಅಂಕಲ್ ಇದ್ದಾರೆ. ವೋ ಕೌನ್ ಹೈ, ಯಾರು ಅವರು?"

"ಸಾರಿ ಡಾಕ್ಟರ್, ಈಗಲೇ ತೆಗೀತೇನೆ! ಪೇಷಂಟ್ಸ್ ಯಾರಾದರೂ ನೋಡಿದ್ರಾ?"

"ಒಬ್ರು ನೋಡಿದ್ರು. ಹಲ್ಲು ತುಂಬಾ ನೋವು ಅಂತ ಅಪಾಯಿಂಟ್‌ಮೆಂಟ್ ಇತ್ತು. ಕ್ಯಾನ್ಸಲ್ ಮಾಡಿದ್ರು."

"ಯಾಕಂತೆ?"

"ಅವರು ಬೋಲೇ, 'ಈ ಮನುಷ್ಯ ಮೊದಲು ಎಷ್ಟು ಚೆನ್ನಾಗಿ ನಗ್ತಾ ಇದ್ರು. ನಿಮ್ಮ ಟ್ರೀಟ್‌ಮೆಂಟ್ ಆದ್ಮೇಲೆ ಬಾಯೇ ಬಿಡ್ತಾ ಇಲ್ಲ, ತಲೆಕೂದಲೂ ಹೋಗಿದೆ. ನನಗೆ ಹಲ್ಲುನೋವೇ ಸಾಕು.'"