ತವರಿಗೆ ಬಂದ ಕಂಪ್ಯೂಟರ್

ನಮ್ಮ ಮನೆಗೆ ಬಂದ ಯಾವ ಯಂತ್ರಕ್ಕೂ ಸುಮ್ಮನೆ ಯಂತ್ರವಾಗಿ ಇರುವ ಯೋಗವಿಲ್ಲ. ಮಿಕ್ಸರ್ ಬಂದಾಗ ಅದಕ್ಕೆ ಮೊದಲು ಬೆಲ್ಲ ತಿನ್ನಿಸಿದರು. ಟಿ.ವಿ.ಗೆ ಅಮಾವಾಸ್ಯೆಗೊಮ್ಮೆ ದೃಷ್ಟಿ ತೆಗೆದರು. ಹೀಗಿರುವಾಗ ಕಂಪ್ಯೂಟರ್ ಮಾತ್ರ ಹೇಗೆ ಪಾರಾದೀತು?

ನಾನು ಬೈಲಹೊಂಗಲದ ಈ ಮನೆಯ ಸೊಸೆ, ತವರು ದೇಗಾಂವ. ಮದುವೆಗೆ ಮೊದಲು ಕಿತ್ತೂರಿಗೆ ಹೋಗಿ ಕಂಪ್ಯೂಟರ್ ಕ್ಲಾಸು ಕಲಿತಿದ್ದೆ. ಆ ತಪ್ಪಿಗೆ, ಮನೆಯಲ್ಲಿ ಕರೆಂಟಿನಿಂದ ಓಡುವ ಸಕಲ ವಸ್ತುಗಳಿಗೂ ನಾನೇ ಡಾಕ್ಟರು.

ಐದೂ ನಂಬರು ಒಬ್ಬರದೇ

ಮಾವನವರು ನಿವೃತ್ತ ಹೆಡ್ ಮಾಸ್ತರು. ನೌಕರಿಯಲ್ಲಿದ್ದಾಗ ಗೋಲಿ ಆಡುವ ಹುಡುಗರು ಕಂಡರೆ ಛಡಿ ಹುಡುಕುತ್ತಿದ್ದರಂತೆ. ನಿವೃತ್ತಿಯಾದ ಮೇಲೆ ತಾವೇ ಗೋಲಿ ಆಡತೊಡಗಿದರು, ಕಂಪ್ಯೂಟರಿನಲ್ಲಿ. ಉಕ್ಕಿನ ಗುಂಡೊಂದು ಮೇಲಿಂದ ಉರುಳಿ ಬರುತ್ತದೆ, ಕೆಳಗಿರುವ ಎರಡು ಪಟ್ಟಿಗಳಿಂದ ಅದನ್ನು ಬಡಿದು ಬಡಿದು ಮೇಲೆ ಕಳಿಸಬೇಕು. ಅತ್ತೆ ಕೇಳಿದರೆ, "ಟೈಪಿಂಗ್ ಮಾಡಾಕತ್ತೇನಿ" ಎನ್ನುವರು. ಪಡಸಾಲೆಯಿಂದ ಟಣ್ ಟಣ್ ಎಂದು ಕೇಳುವ ಟೈಪಿಂಗು ಊರಲ್ಲಿ ಬೇರೆಲ್ಲೂ ಇರಲಿಲ್ಲ.

ಹೆಚ್ಚು ಅಂಕ ಗಳಿಸಿದ ಐವರ ಹೆಸರನ್ನು ಆ ಆಟ ನೆನಪಿಟ್ಟುಕೊಳ್ಳುತ್ತಿತ್ತು. ಐದೂ ಜಾಗದಲ್ಲಿ ಮಾವನವರೇ. ಒಮ್ಮೆ ನಾನು ಹೇಗೋ ಐದನೆಯ ಜಾಗಕ್ಕೆ ಬಂದೆ. ಅವತ್ತು ಅವರು ಸಂಜೆಯ ಚಹಾ ಬಿಟ್ಟು ಕೂತು, ನನ್ನನ್ನು ಕೆಳಗಿಳಿಸಿಯೇ ಎದ್ದರು. ಬಂದ ನೆಂಟರಿಗೆ ನೀರು ಕೊಡುವ ಮೊದಲು ಆ ಪಟ್ಟಿ ತೋರಿಸುತ್ತಿದ್ದರು.

ನಮ್ಮವರು ಹೊಸ ಕಂಪ್ಯೂಟರ್ ತರುವುದಾಗಿ ಹೇಳಿದರು. ರಾಮದುರ್ಗಕ್ಕೆ ಮದುವೆ ಮಾಡಿಕೊಟ್ಟ ನಾದಿನಿ ಹಳೆಯದನ್ನು ಕೇಳಿದ್ದಳು. ಮಾವನವರು ಒಂದೇ ಷರತ್ತು ಹಾಕಿದರು.

"ಹಳೇದು ಹೋಗಲಿ, ಅಡ್ಡಿಯಿಲ್ಲ. ನನ್ನ ನಂಬರ್ ಮಾತ್ರ ಹೊಸದಕ್ಕ ಬರಬೇಕು."

ತಾನೇ ಹಚ್ಚಿಕೊಂಡ ವಿಭೂತಿ

ಬೆಳಗಾವಿಯಿಂದ ಹೊಸ ಕಂಪ್ಯೂಟರ್ ಬಂತು. ತಂದವನು ಜೋಡಿಸಿ ಚಾಲೂ ಮಾಡುವಷ್ಟರಲ್ಲಿ ಅತ್ತೆ ಆರತಿ ತಟ್ಟೆಯೊಂದಿಗೆ ಹಾಜರು. ತೆಂಗಿನಕಾಯಿಯನ್ನು ಸಿ.ಪಿ.ಯು. ಮೇಲೆಯೇ ಒಡೆಯುವವರಿದ್ದರು. ಅವನು ಎರಡೂ ಕೈ ಅಡ್ಡ ಹಿಡಿದು, "ಅವ್ವಾರ, ನಿಮ್ಮ ಕಾಲ ಬೀಳತೇನಿ, ಹೊಸ್ತಲಿಗೆ ಒಡೀರಿ" ಎಂದ.

ಕಾಯಿ ಹೊಸ್ತಿಲಿಗೆ ಹೋಯಿತು. ಆದರೆ ವಿಭೂತಿ ಬಿಡಲು ಅತ್ತೆ ತಯಾರಿರಲಿಲ್ಲ. ಬೆರಳಲ್ಲಿ ಒಣ ವಿಭೂತಿ ಹಿಡಿದು ಪರದೆಯ ಹತ್ತಿರ ಒಯ್ದರೋ ಇಲ್ಲವೋ, ಆಗಿನ ದಪ್ಪ ಗಾಜಿನ ಪರದೆ ಅದನ್ನು ಚಟಚಟ ಎಂದು ತಾನೇ ಎಳೆದುಕೊಂಡಿತು! ಧೂಳನ್ನು ಎಳೆಯುವುದು ಆ ಪರದೆಗಳ ಗುಣ ಎಂದು ನಾನು ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ.

ಅತ್ತೆ ಹಿಂದೆ ತಿರುಗಿ ಮಾವನವರನ್ನು ನೋಡಿದರು. "ನೋಡ್ರಿ, ನಿಮಗ ದಿನಾ ಬೆನ್ನ ಹತ್ತಿ ಹಚ್ಚಬೇಕು. ಇದು ತಾನ ಹಚ್ಚಿಕೊಂತು!"

ಟಿ.ಸಿ. ಕೊಡದ ಸಾಲಿ

ಹಳೆಯದರಲ್ಲಿದ್ದ ಪತ್ರ, ಫೋಟೋಗಳನ್ನೆಲ್ಲ ಫ್ಲಾಪಿಯಲ್ಲಿ ಹಾಕಿ ಹೊಸದಕ್ಕೆ ಸಾಗಿಸತೊಡಗಿದೆ. ಒಂದು ಫೋಟೋ ಹಿಡಿದರೆ ಫ್ಲಾಪಿಗೆ ಹೊಟ್ಟೆ ತುಂಬುತ್ತಿತ್ತು. ಮಾವನವರು ಕೈ ಹಿಂದೆ ಕಟ್ಟಿಕೊಂಡು, ಪರೀಕ್ಷೆಯ ಕೋಣೆಯಲ್ಲಿ ತಿರುಗುವಂತೆ ನನ್ನ ಬೆನ್ನ ಹಿಂದೆ ತಿರುಗುತ್ತಿದ್ದರು.

"ಎಲ್ಲಾ ಬಂತೇನವಾ?"

"ಬಂತ್ರಿ ಮಾವಾರ."

ಆಟ ತೆರೆದರು. ಆಟ ಹೊಸದರಲ್ಲೂ ಇತ್ತು, ಆದರೆ ಐದೂ ಜಾಗ ಖಾಲಿ. ಅವರ ಮುಖ ನೋಡಿ ನನಗೇ ಕೆಡುಕೆನಿಸಿತು. ಅಂಕಗಳು ಹಳೆಯ ಯಂತ್ರದ ಹೊಟ್ಟೆಯೊಳಗೆಲ್ಲೋ ಕೂತಿದ್ದವು, ಅವನ್ನು ಎತ್ತಿ ತರುವುದನ್ನು ನನಗೆ ಕಿತ್ತೂರಿನಲ್ಲಿ ಕಲಿಸಿರಲಿಲ್ಲ. ಹಾಗೆಂದು ಹೇಳಿದೆ.

"ಹುಡುಗ ಸಾಲಿ ಬದಲಿ ಮಾಡಿದ್ರ ಟಿ.ಸಿ. ಕೊಡತಾರ, ಮಾರ್ಕ್ಸ್ ಕಾರ್ಡ್ ಕೊಡತಾರ. ಇದು ಏನೂ ಕೊಡೂದಿಲ್ಲಂದ್ರ? ಇದರ ಹೆಡ್ ಮಾಸ್ತರ ಯಾವನವಾ?"

ಹೊಸದರಲ್ಲಿ ಆಡಿ ನೋಡಿದರು. ಹಳೆಯ ಅಂಕದ ಹತ್ತಿರಕ್ಕೂ ಹೋಗಲಿಲ್ಲ. ಬೆಳಗಾವಿಯ ಗುಂಡು ಬಹಳ ಹಗುರ ಎಂದು ತೀರ್ಪು ಕೊಟ್ಟರು.

ಉಡಿ

ಹಳೆಯ ಕಂಪ್ಯೂಟರ್ ರಾಮದುರ್ಗಕ್ಕೆ ಹೊರಡುವ ದಿನ ಅತ್ತೆಗೆ ಹೊಸ ಚಿಂತೆ ಹತ್ತಿತು. ಈ ಮನೆಯಿಂದ ಯಾರೂ ಬರಿಗೈಯಲ್ಲಿ ಹೋದದ್ದಿಲ್ಲ. ಹೆಣ್ಣುಮಗಳಿರಲಿ, ಗಬ್ಬಾದ ಎಮ್ಮೆಯಿರಲಿ, ಉಡಿ, ಅಂದರೆ ಮಡಿಲು, ತುಂಬಿಯೇ ಕಳಿಸಬೇಕು. ಅತ್ತೆ ಕುಪ್ಪಸದ ಖಣ ತಂದು ಪರದೆಗೆ ಹೊದಿಸಿದರು. ನಾನು ಒಳಗೆ ಸಿ.ಡಿ. ಉಳಿದಿದೆಯೇ ನೋಡಲೆಂದು ಗುಂಡಿ ಒತ್ತಿದೆ. ಸಿ.ಡಿ. ಇಡುವ ತಟ್ಟೆ ಮೆಲ್ಲಗೆ ಹೊರಗೆ ಬಂತು. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು, ಓಡಿದೆ.

ಬಂದು ನೋಡಿದಾಗ ತಟ್ಟೆ ಒಳಗೆ ಹೋಗಿತ್ತು, ಗುಂಡಿಗೆ ಕುಂಕುಮ ಹಚ್ಚಿತ್ತು. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

"ನನ್ನ ಮಗಳರೆ ಲಗ್ನದಾಗ ನಾಚಿ ನಿಂತಿದ್ಲು. ಇದು ಎಷ್ಟ ಶ್ಯಾಣೇದೈತಿ, ತಾನ ಉಡಿ ಒಡ್ಡಿತು!"

ನಾನು ಖಣದ ಮಾತು ಎಂದುಕೊಂಡೆ.

ಬೀಸುಕಲ್ಲಿನ ಸಪ್ಪಳ

ಬೇಸಿಗೆ ಮುಗಿಯುವ ಹೊತ್ತಿಗೆ ರಾಮದುರ್ಗದಿಂದ ಫೋನು ಬಂತು. ನಾದಿನಿಯ ಅತ್ತೆ, ಅಂದರೆ ನಮ್ಮ ಬೀಗತಿ.

"ಇಷ್ಟ ದಿನಾ ಛಲೋ ಇತ್ರಿ. ಇವತ್ತ ಮೊದಲನೇ ಸಲ ಭಜನಿ ಸಿ.ಡಿ. ಹಾಕಬೇಕಂದ್ರ ತಟ್ಟೀನ ಹೊರಗ ಬರವಲ್ಲದು. ಒಳಗಿಂದ ಬೀಸೂಕಲ್ಲ ತಿರುವಿದಂಗ ಸಪ್ಪಳ. ಬುಡಕಿಂದ ನಾಕ ಅಕ್ಕಿಕಾಳ ಉದುರಿದ್ವು. ನಿಮ್ಮ ಕಡೆ ಕಂಪ್ಯೂಟರಿಗೆ ಅಕ್ಕಿ ಹಾಕತಾರೇನ್ರಿ?"

ನಾನು ಅತ್ತೆಯ ಕಡೆ ನೋಡಿದೆ. ಅತ್ತೆ ಗೋಡೆಯ ಕಡೆ ನೋಡಿದರು.

"ಐದ ಹಿಡಿ ಹಾಕಬೇಕು. ಒಂದ ಹಿಡಿ ಹಾಕೂದರಾಗ ತುಂಬಿತು. ಒಂದ ಅರಿಷಿಣ ಬೇರ ತುರುಕೀನಿ, ಅಷ್ಟ."

ಮಾವನವರು ಮನೆ ಹಾರಿಹೋಗುವಂತೆ ಕೂಗಾಡಿದರು. "ಬುದ್ಧಿ ಐತೇನ ನಿನಗ? ಮಷಿನ್ನಿಗೆ ಯಾವ ಪದ್ಧತಿ?" ಅವರ ಸಿಟ್ಟು ಯಂತ್ರದ ಮೇಲಿನ ಕಾಳಜಿಯಿಂದಲ್ಲ, ತಮ್ಮ ಐದು ನಂಬರು ಅದರೊಳಗೆ ಅಕ್ಕಿಯ ಜೊತೆ ಕೂತಿವೆ ಎಂಬ ಸಂಕಟದಿಂದ.

ಪಂಚಮಿ

ನಾಗರಪಂಚಮಿಗೆ ನಾದಿನಿ ತವರಿಗೆ ಬಂದಳು, ರಿಪೇರಿಗೆಂದು ಕಂಪ್ಯೂಟರನ್ನೂ ತಂದಳು. "ಅಪ್ಪಾ, ಆರಾಮ ಅದೀರಿ?" ಎಂದಳು. "ಹೂಂ ಹೂಂ, ಮೊದಲ ಅದನ್ನ ಒಳಗ ತರ್ರಿ" ಎಂದರು ಮಾವನವರು.

ನಾನು ತಟ್ಟೆ ಬಿಚ್ಚಿ, ಅಕ್ಕಿ ಆರಿಸಿ, ಅರಿಷಿಣದ ಬೇರು ಕಿತ್ತು, ಬ್ರಷ್‌ನಿಂದ ಗುಡಿಸಿ ಚಾಲೂ ಮಾಡಿದೆ. ಮಾವನವರು ಕೈ ಮುಗಿದುಕೊಂಡೇ ಆಟ ತೆರೆದರು. ಅವರ ಹೆಸರಿತ್ತು, ಐದನೆಯ ಜಾಗದಲ್ಲಿ. ಮೇಲಿನ ನಾಲ್ಕರಲ್ಲೂ ಬೀಗತಿ.

"ನಮ್ಮತ್ತಿ ದಿನಾ ಕುಂದರತಾರಪಾ" ಎಂದಳು ನಾದಿನಿ. "ಟೈಪಿಂಗ್ ಮಾಡಾಕತ್ತೇನಿ ಅಂತಾರ."

ಹಬ್ಬ ಮುಗಿಸಿ ನಾದಿನಿ ಹೋದಳು. ಕಂಪ್ಯೂಟರ್ ಹೋಗಲಿಲ್ಲ. ತಟ್ಟೆಯ ರಿಪೇರಿ ಇನ್ನೂ ಆಗಿಲ್ಲ ಎಂದು ಮಾವನವರು ಹೇಳಿಬಿಟ್ಟಿದ್ದರು. ಬೆಳಗಿನಿಂದ ಸಂಜೆಯವರೆಗೆ ಟಣ್ ಟಣ್. ನಾಲ್ಕನೆಯ ಜಾಗವೂ ಸಿಗಲಿಲ್ಲ. ಕೊನೆಗೆ ಬೀಗತಿಯ ಫೋನು ಬಂತು, ನಮ್ಮ ಕಂಪ್ಯೂಟರ್ ಯಾವಾಗ ಕಳಿಸುತ್ತೀರಿ ಎಂದು.

ಮಾವನವರು ಗಂಟಲು ಸರಿಮಾಡಿಕೊಂಡರು. "ಏನ್ರಿ ಬೀಗತಿಯರ, ಪಂಚಮಿಗೆ ತವರಿಗೆ ಬಂದೈತಿ. ಇಷ್ಟ ಲಗೂ ಕಳಿಸಿದ್ರ ಮಂದಿ ಏನಂದಾರು? ಶ್ರಾವಣ ಮುಗೀಲಿ."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತಿತು. ಹಿಂದಿನ ವರ್ಷ ಇದೇ ಪಂಚಮಿಗೆ ನಾನು ದೇಗಾಂವಕ್ಕೆ ಹೋದಾಗ ಇದೇ ಮಾವನವರು ಮಾರನೆಯ ದಿನವೇ ಫೋನು ಮಾಡಿ, "ಯವ್ವಾ, ರೊಟ್ಟಿ ಯಾರ ಬಡೀಬೇಕು?" ಎಂದು ಕರೆಸಿಕೊಂಡಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ.

"ಮಾವಾರ, ಖರೇ ಅಂದ್ರಿ. ನಾನೂ ತವರಿಗೆ ಹೊಂಟೇನಿ. ಅದು ಎಷ್ಟ ದಿನಾ ಇಲ್ಲಿರತೇತಿ, ಅಷ್ಟ ದಿನಾ ನಾ ಅಲ್ಲಿರತೇನಿ."

"ಹೋಗಿ ಬಾರವಾ" ಎಂದರು ಅತ್ತೆ ಒಳಗಿನಿಂದ. "ರೊಟ್ಟಿ ಅವರ ಬಡೀತಾರ. ಬಡಿಯೂದು ರೂಢಿ ಐತಿ."

ಮಾವನವರು ಪರದೆ ನೋಡಿದರು, ನನ್ನ ಹಿಟ್ಟಿನ ಕೈ ನೋಡಿದರು. ಮರುದಿನದ ರಾಮದುರ್ಗದ ಬಸ್ಸಿಗೆ ಕಂಪ್ಯೂಟರ್ ಕಳಿಸುವುದೆಂದು ಒಪ್ಪಿಕೊಂಡರು.

ಬೆಳಿಗ್ಗೆ ನಾನು ವಾಯರ್ ಕೀಳಲು ಹೋದರೆ, "ತಡಿ" ಎಂದರು. ತಾವೇ ಗುಂಡಿ ಒತ್ತಿದರು. ತಟ್ಟೆ ಹೊರಗೆ ಬಂತು. ಧೋತರದ ಮಡಿಲಿನಿಂದ ಅಕ್ಕಿ ತೆಗೆದು ತುಂಬತೊಡಗಿದರು.

"ಮಾವಾರ! ಮಷಿನ್ನಿಗೆ ಯಾವ ಪದ್ಧತಿ ಅಂದಿದ್ರಲ್ರಿ?"

"ಹಿರ್ಯಾರು ಮಾಡಿದ್ದನ್ನ ಬಿಡಬಾರದವಾ" ಎಂದರು. ಅತ್ತೆಗಿಂತ ಚೆನ್ನಾಗಿ, ಒತ್ತಿ ಒತ್ತಿ ತುಂಬಿದರು. ತಟ್ಟೆಯನ್ನು ಒಳಗೆ ತಳ್ಳಿ, ಡಬ್ಬಿಯ ಬೆನ್ನು ಸವರಿ ಹೇಳಿದರು:

"ದೀಪಾವಳಿಗೆ ಲಗೂನ ಬಾರವಾ."