ಚಿನ್ನದ ಕತ್ತರಿ ಮತ್ತು ಒಂದು ಮಾತು

ಹೆಲ್ಸಿಂಕಿಯಲ್ಲಿರುವ ನಮ್ಮ ಚಲನಚಿತ್ರ ಬೆಂಬಲ ಮಂಡಳಿಯ ಸಭೆಗಳು ಸೌನಾ ಎಂಬ ಹಬೆಸ್ನಾನದ ಮನೆಯಲ್ಲಿಯೇ ನಡೆಯತಕ್ಕದ್ದು ಎಂಬುದು ನಿಯಮ. ಸೌನಾದ ಬಿಸಿ ಕೋಣೆಯಲ್ಲಿ ಯಾರೂ ಜಗಳವಾಡಬಾರದೆಂದು ಅಜ್ಜಿಯರ ಕಾಲದಿಂದಲೂ ಕಟ್ಟುಪಾಡಿದೆ. ಆದ್ದರಿಂದ ಮಂಡಳಿಯ ನಿರ್ಣಯಗಳೆಲ್ಲ ಇಂದಿನವರೆಗೂ ಸರ್ವಾನುಮತದಿಂದಲೇ ಅಂಗೀಕಾರವಾಗಿವೆ. ಸದಸ್ಯರೆಲ್ಲ ಹೆಂಗಸರೇ, ನಾನೂ ಒಬ್ಬಳು.

ಚಿತ್ರ ಸಂಕಲನಕಾರರಾದ ಹಿಲ್ಪಾ ಮಾಂತುಲಾ ಅವರಿಗೆ ಮಂಡಳಿಯ ಚಿನ್ನದ ಕತ್ತರಿ ಪ್ರಶಸ್ತಿ ಬಂದ ಮೇಲೆ ಅವರ ಹೊಸ ಚಿತ್ರದ ಮೇಲೆ ಮಂಡಳಿಯ ಕಣ್ಣು ಬಿತ್ತು; ಅವರನ್ನು ಸಭೆಗೆ ಕರೆಸಲಾಯಿತು. ಅಪ್ಪನ ದೋಣಿಗಾಗಿ ಮಾತು ಬಿಟ್ಟ ಇಬ್ಬರು ಅಣ್ಣತಮ್ಮಂದಿರ ಕಥೆ ಅದು. ಚಿತ್ರದುದ್ದಕ್ಕೂ ಇಬ್ಬರೂ ತುಟಿ ಬಿಚ್ಚುವುದಿಲ್ಲ. ಕೊನೆಯಲ್ಲಿ ತಮ್ಮನು ಅಣ್ಣನ ಬಾಗಿಲಿಗೆ ಬಂದು, "ಅಣ್ಣಾ, ಸೌನಾ ಕಾದಿದೆ, ಬಾ" ಅನ್ನುತ್ತಾನೆ. ಆ ಒಂದು ಮಾತಿಗಾಗಿ ಹಿಲ್ಪಾ ಇಡೀ ಚಳಿಗಾಲ ಉಳಿದದ್ದನ್ನೆಲ್ಲ ಕತ್ತರಿಸಿದ್ದರು.

ಅಧ್ಯಕ್ಷೆ ತೆಲ್ಲೆರ್ವೊ ಬಿಸಿ ಕಲ್ಲುಗಳ ಮೇಲೆ ಸೌಟಿನಿಂದ ನೀರು ಸುರಿದರು. ಸೌಟು ಹಿಡಿದವರೇ ಸಭೆ ನಡೆಸಬೇಕೆಂಬುದು ಇನ್ನೊಂದು ನಿಯಮ.

"ಹೊರದೇಶದವರು ನಮ್ಮ ಮೌನಕ್ಕೇ ಕಣೇ ಮುಗಿಬೀಳೋದು. ಆ ಒಂದು ಮಾತು ತೆಗೆದುಬಿಡು."

ಹಿಲ್ಪಾ ಬೆವರೊರೆಸಿಕೊಂಡರು.

"ಯಾರದಾದರೂ ಆಕ್ಷೇಪ?" ಎಂದು ತೆಲ್ಲೆರ್ವೊ ಕೇಳಿದರು.

ಹಿಲ್ಪಾ ಟವೆಲ್ ಸುತ್ತಿಕೊಂಡು ಹೊರಗೆ ಹಿಮದಲ್ಲಿ ನಿಂತು ಕೂಗಿದರು: "ನಿಮಗೇನು ತಲೆ ಕೆಟ್ಟಿದೆಯೇನ್ರೇ? ಅದನ್ನ ತೆಗೆದ್ರೆ ಇನ್ನೇನು ಉಳಿಯತ್ತೆ, ಎರಡು ಮೂಕ ಮೀನಾ?"

"ಹೊರಗೆ ಆಡಿದ ಮಾತು ಸಭೆಗೆ ಸೇರಲ್ಲ," ಎಂದರು ತೆಲ್ಲೆರ್ವೊ. "ಬಾಗಿಲು ಹಾಕ್ಕೊಂಡು ಒಳಗೆ ಬಾರೇ, ಬಿಸಿ ಹೋಗ್ತಿದೆ."

ನಡುಗುತ್ತ ಒಳಗೆ ಬಂದವರ ಮುಖ ನೋಡಿ ನನಗೆ ಕರುಳು ಚುರುಕ್ಕೆಂದಿತು. ಆದರೆ ಮಂಡಳಿಯಲ್ಲಿ ಕರುಳಿಗೆ ಮತವಿಲ್ಲ. ನಿರ್ಣಯ ಅಂಗೀಕಾರವಾಯಿತು, ಮಾತು ಹೋಯಿತು.

ಚಿತ್ರ ನೋಡಿದ ಪ್ರೇಕ್ಷಕರು ಚಪ್ಪಾಳೆ ತಟ್ಟದೆ, ಪರಸ್ಪರ ಮುಖ ನೋಡದೆ ಮನೆಗೆ ಹೋದರು. ಇದನ್ನು ಅತ್ಯುನ್ನತ ಮೆಚ್ಚುಗೆಯೆಂದು ಪರಿಗಣಿಸಿ ಮಂಡಳಿಯು ಹಿಲ್ಪಾ ಅವರಿಗೆ ಎರಡನೆಯ ಚಿನ್ನದ ಕತ್ತರಿಯನ್ನು ಘೋಷಿಸಿತು.

ಸಮಾರಂಭದಲ್ಲಿ ಹಿಲ್ಪಾ ಮೈಕಿನ ಮುಂದೆ ಬಹಳ ಹೊತ್ತು ಸುಮ್ಮನೆ ನಿಂತರು. ಎಂಥ ಮೌನ ಎಂದು ನಾವೆಲ್ಲ ತಲೆದೂಗುತ್ತಿದ್ದೆವು. ಆಗ ಹೇಳಿದರು:

"ಅಣ್ಣಾ, ಸೌನಾ ಕಾದಿದೆ, ಬಾ."

ಸೌನಾಕ್ಕೆ ಕರೆದರೆ ಒಲ್ಲೆ ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ಮಂಡಳಿಯವರೆಲ್ಲ ಒಡವೆ ಬಿಚ್ಚಿಟ್ಟು, ಟವೆಲ್ ಹಿಡಿದು ಹೊರಟೆವು. ಹೋಗುವಷ್ಟರಲ್ಲಿ ಸೌಟು ಹಿಲ್ಪಾ ಕೈಯಲ್ಲಿತ್ತು.

"ಆ ಮಾತನ್ನ ಚಿತ್ರಕ್ಕೆ ವಾಪಸ್ ಸೇರಿಸ್ತೀನಿ. ಯಾರದಾದರೂ ಆಕ್ಷೇಪ?"

ತೆಲ್ಲೆರ್ವೊ ಬಾಗಿಲಿನ ಕಡೆ ನೋಡಿದರು. ಹೊರಗೆ ಹಿಮ ಸುರಿಯುತ್ತಿತ್ತು. ಸರ್ವಾನುಮತದಿಂದ ಅಂಗೀಕಾರ.

ಮುಂದಿನ ವಿಷಯವಾಗಿ ತೆಲ್ಲೆರ್ವೊ, ಮೌನ ಕೆಡಿಸಿದ್ದಕ್ಕಾಗಿ ಹಿಲ್ಪಾ ಅವರ ಎರಡೂ ಕತ್ತರಿಗಳನ್ನು ಹಿಂಪಡೆಯುವ ನಿರ್ಣಯ ಮಂಡಿಸಿದರು. ಹಿಲ್ಪಾ ನಗುತ್ತ ಕಲ್ಲಿನ ಮೇಲೆ ಇನ್ನೊಂದು ಸೌಟು ನೀರು ಸುರಿದರು. ಆ ನಿರ್ಣಯಕ್ಕೂ ಯಾರ ಆಕ್ಷೇಪವೂ ಇರಲಿಲ್ಲ.